ನೀವ ಎಳೀರಿ, ಬೀಗರ

ಬೀಗರನ್ನು ಕಟ್ಟಿಕೊಂಡು ಮೀನು ಹಿಡಿಯಲು ಹೋಗಬಾರದು. ಗೆಳೆಯನ ಜೊತೆ ಹೋಗಬಹುದು, ಅಣ್ಣತಮ್ಮಂದಿರ ಜೊತೆ ಹೋಗಬಹುದು, ಜಗಳವಾಡಿ ಮಾತು ಬಿಟ್ಟ ನೆರೆಮನೆಯವನ ಜೊತೆಗೂ ಹೋಗಿ ಬರಬಹುದು. ಮಗಳನ್ನು ಕೊಟ್ಟ ಮನೆಯ ಯಜಮಾನನ ಪಕ್ಕದಲ್ಲಿ ಮಾತ್ರ ಗಾಳ ಹಿಡಿದು ಕೂರಬಾರದು. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ತಿಕೋಟಾದಲ್ಲಿ ಹುಟ್ಟಿ, ಹೊಲಿಗೆ ಕಲಿತು, ವಿಜಯಪುರಕ್ಕೆ ಬಂದು ನೆಲೆಸಿದವನು. ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಹಾಕಿಕೊಂಡು ಗಂಡಸರ ಪ್ಯಾಂಟು, ಶರ್ಟು, ಲಗ್ನದ ಕೋಟು ಹೊಲಿಯುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಬಟ್ಟೆ ಯಾವಾಗ ಕೊಡುತ್ತೀರಿ ಎಂದು ಒಮ್ಮೆ ಕೇಳಿದ ಗಿರಾಕಿ ಮತ್ತೊಮ್ಮೆ ಕೇಳುವ ಧೈರ್ಯ ಮಾಡುವುದಿಲ್ಲ. ನಮ್ಮ ಬೀಗರು ಇದಕ್ಕೆ ಪೂರ್ತಿ ತದ್ವಿರುದ್ಧ. ಬಬಲೇಶ್ವರದಲ್ಲಿ ಅವರದು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿ. ಬೆಳೆ ಒಣಗುತ್ತಿದೆ ಎಂದು ಬಾಯಿಗೆ ಬಂದಂತೆ ಬೈಯುವ ರೈತರ ಮುಂದೆಯೂ ನಗುನಗುತ್ತಲೇ ತಂತಿ ಸುತ್ತುತ್ತಾರಂತೆ. ಅಂಥ ಮನುಷ್ಯನ ಮುಂದೆ ನಾನೂ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ ಇರಬೇಕು. ಮಗಳ ಲಗ್ನವಾದಾಗಿನಿಂದ ಹಾಗೆ ಇದ್ದು ಇದ್ದು ನನ್ನ ದವಡೆ ನೋಯುತ್ತಿತ್ತು.

ಆ ಚಳಿಗಾಲದಲ್ಲಿ ನಮಗಿದ್ದದ್ದು ಒಂದೇ ಚಿಂತೆ. ಮಗಳು ಬಸಿರಿ. ಐದನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ ತವರಿಗೆ ಕರೆದುಕೊಂಡು ಬಂದಿದ್ದೆವು. ಬಂದವಳಿಗೆ ಅನ್ನವೇ ಸೇರದು. ಎಲ್ಲರಿಗೂ ವಾಂತಿ ನಿಲ್ಲುವ ಹೊತ್ತಿಗೆ ಇವಳಿಗೆ ಶುರುವಾಗಿತ್ತು. ಲೇಡಿ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, ಕೂಸು ಚೆನ್ನಾಗಿದೆ, ತಾಯಿಯೇ ಸೊರಗಿದ್ದಾಳೆ, ಹೀಗೇ ಆದರೆ ಸಲಾಯಿನ್ ಹಚ್ಚಲು ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತದೆ ಎಂದಿದ್ದರು. ಆ ಮಾತು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಆರಲೇ ಇಲ್ಲ. ನನ್ನ ಹೆಂಡತಿ ಮಾಡದ ಅಡುಗೆಯಿಲ್ಲ. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೊಸರನ್ನ, ಒಂದಾದ ಮೇಲೊಂದು. ಮಗಳು ತಾಟಿನ ಮುಂದೆ ಕೂತರೆ ಸಾಕು, ತಾಯಿ ಸೌಟು ಹಿಡಿದು ಒಂದು ಕಡೆ, ಮಷೀನು ನಿಲ್ಲಿಸಿ ನಾನೊಂದು ಕಡೆ, ಬಾಗಿಲಲ್ಲಿ ಓಣಿಯ ಹೆಂಗಸರು. ಅವಳು ತುತ್ತು ಎತ್ತುವುದು, ನಮ್ಮೆಲ್ಲರ ಮುಖ ನೋಡುವುದು, ತುತ್ತನ್ನು ತಾಟಿನಲ್ಲಿ ಇಟ್ಟು ಕೈ ತೊಳೆಯುವುದು. ದಿನವೂ ಇದೇ ನಡೆಯುತ್ತಿತ್ತು.

ಒಂದು ಸಂಜೆ ತಾನಾಗಿಯೇ ಬಾಯಿಬಿಟ್ಟು, ಡೋಣಿ ಹೊಳೆಯ ಬಾಳೆ ಮೀನಿನ ಸಾರು ತಿನ್ನಬೇಕು ಅನಿಸುತ್ತಿದೆ ಎಂದಳು. ಬಾಳೆ ಮೀನೆಂದರೆ ಹುರುಪೆ ಇಲ್ಲದ, ಉದ್ದ ಮೀಸೆಯ, ಅಗಲ ಬಾಯಿಯ ಮೀನು. ಅದಕ್ಕೆ ಮುಳ್ಳೂ ಕಡಿಮೆ. ಲಗ್ನವಾದ ಹೊಸತರಲ್ಲಿ ಅವಳ ಮಾವ, ಅಂದರೆ ನಮ್ಮ ಬೀಗರು, ಹೊಳೆಯಿಂದ ಹಿಡಿದು ತಂದದ್ದನ್ನು ತಿಂದಿದ್ದಳಂತೆ. ನಾನು ಅಂಗಿ ತೊಟ್ಟುಕೊಂಡು ಮಾರ್ಕೆಟ್ಟಿಗೆ ಓಡಿದೆ. ಬರ್ಫದಲ್ಲಿಟ್ಟ ಕೆರೆಯ ಮೀನು ಸಿಕ್ಕಿತು. ಅದನ್ನು ಮನೆಯೊಳಗೆ ತಂದಿದ್ದೇ ತಡ, ಮಗಳು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಆ ಮೀನು ಓಣಿಯ ಬೆಕ್ಕುಗಳ ಪಾಲಾಯಿತು.

ಮಗಳು ಗಂಡನಿಗೆ ಫೋನಿನಲ್ಲಿ ಹೇಳಿದಳು, ಗಂಡ ತನ್ನ ಅಪ್ಪನಿಗೆ ಹೇಳಿದ. ಮರುದಿನ ಸಂಜೆ ಬೀಗರು ನಮ್ಮ ಮನೆಯ ಮುಂದೆ ಹಾಜರು. ಕೈಯಲ್ಲಿ ಎರಡು ಬಿದಿರಿನ ಗಳ. ಬಸ್ಸಿನ ಕಿಟಕಿಯಿಂದ ಅವನ್ನು ಹೊರಗೆ ಚಾಚಿಕೊಂಡು ಬಂದಿದ್ದರು, ಕಂಡಕ್ಟರ್ ದಾರಿಯುದ್ದಕ್ಕೂ ಬೈದನಂತೆ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಡೋಣಿ ಹೊಳೆ ಇರುವುದು ವಿಜಯಪುರಕ್ಕೂ ಬಬಲೇಶ್ವರಕ್ಕೂ ನಡುವೆ. ಅದರ ಸೇತುವೆ ದಾಟಿಕೊಂಡೇ ಅವರು ನಮ್ಮಲ್ಲಿಗೆ ಬರಬೇಕು. ಅಲ್ಲೇ ಇಳಿದು ಮೀನು ಹಿಡಿದು ತರಬಹುದಿತ್ತಲ್ಲ ಎಂದು ಕೇಳಿದೆ.

"ಅದ್ಹೆಂಗ ಆಕ್ಕೇತ್ರಿ ಬೀಗರ?" ಎಂದರು ಅವರು. "ಹುಡುಗಿ ತವರಮನ್ಯಾಗ ಅದಾಳ. ನಿಮ್ಮನ್ನ ಬಿಟ್ಟ ನಾ ಒಬ್ಬನ ಹಿಡಕೊಂಡ ಬಂದ್ರ, ಹಡದಪ್ಪ ತರಲಾರದ್ದು ಮಾವ ತಂದ ಅಂತ ಮಂದಿ ಆಡಕೊಳ್ಳಾಂಗಿಲ್ಲೇನು? ಇಬ್ರೂ ಕೂಡೇ ಹೋಗೂಣು."

ನನ್ನ ಮರ್ಯಾದೆ ಉಳಿಸಲು ಮನುಷ್ಯ ಹೊಳೆ ದಾಟಿ ಬಂದು, ನನ್ನನ್ನು ಕರೆದುಕೊಂಡು ಮತ್ತೆ ಅದೇ ಹೊಳೆಗೆ ಹೋಗುವವರಿದ್ದರು. ಇದಕ್ಕೆ ಏನು ಹೇಳುವುದು. ನಾನು ದವಡೆ ಬಿಗಿಹಿಡಿದು, ಭಾಳ ಚಲೋ ಮಾತ್ರಿ ಎಂದೆ.

ಗಾಳಕ್ಕೆ ಸಿಕ್ಕಿಸಲು ಕೋಳಿಯ ಕರುಳು ಬೇಕಿತ್ತು. ಓಣಿಯ ತುದಿಯಲ್ಲಿರುವ ಕೋಳಿ ಅಂಗಡಿಯ ಚಾಚಾನ ಬಳಿ ಹೋದೆ. ಅವರ ಮಕ್ಕಳ ಈದ್ ಬಟ್ಟೆಗಳನ್ನೆಲ್ಲ ನಾನೇ ಹೊಲಿದವನು, ಬಹಳ ಸಲಿಗೆ. ಕರುಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತ, "ಯಾರ ಜೋಡಿ ಹೊಂಟೀರಿ?" ಎಂದು ಕೇಳಿದರು. ಬೀಗರ ಜೊತೆ ಎಂದೆ.

"ಹಂಗಾರ ಇದನ್ನ ಒಯ್ಯಬ್ಯಾಡ್ರಿ, ಸುಮ್ನ ದಂಡ ಆಕ್ಕೇತಿ," ಎಂದರು ಚಾಚಾ. "ನೀವಿಬ್ರೂ ಮೀನಿಗೂ ಮೊದಲ ಚಾ ಕುಡೀರಿ ಅಂತೀರಿ."

ಸಂಕ್ರಾಂತಿಗೆ ಮುಂಚಿನ ದಿನಗಳು ಅವು. ನಮ್ಮ ಕಡೆಯ ಚಳಿ ಹೆಚ್ಚು ದಿನ ಇರುವುದಿಲ್ಲ, ಇದ್ದಷ್ಟು ದಿನ ಮೂಳೆಗೇ ಇಳಿಯುತ್ತದೆ. ಬೆಳಗಿನ ಜಾವ ಎದ್ದರೆ ಹಲ್ಲು ಕಟಕಟ ಅನ್ನುತ್ತಿತ್ತು. ಹೆಂಡತಿ ಒಂದು ಹಂಡೆ ನೀರು ಕಾಯಿಸಿದ್ದಳು. ನೀವು ಮೊದಲು ಮುಖ ತೊಳೆಯಿರಿ ಎಂದು ನಾನು, ನೀವೇ ತೊಳೆಯಿರಿ ಎಂದು ಅವರು. ಹೀಗೆ ಹೇಳಿಕೊಂಡು ನಿಂತಷ್ಟೂ ಹೊತ್ತು ನೀರು ಆರಿ, ಕೊನೆಗೆ ಇಬ್ಬರೂ ತಣ್ಣೀರಲ್ಲೇ ಮುಖ ತೊಳೆದೆವು. ಚಹಕ್ಕೂ ಅದೇ ಗತಿ. ಬೈಕಿನ ಮೇಲೆ ಮುಂದೆ ಕೂತವರಿಗೆ ಗಾಳಿ ಹೊಡೆಯುತ್ತದೆ, ನಾನು ನಡೆಸುತ್ತೇನೆ ಎಂದರು ಅವರು. ಅತಿಥಿಯ ಎದೆಗೆ ಗಾಳಿ ಹೊಡೆಸುವುದೇ ಎಂದು ನಾನು. ಬೈಕು ನನ್ನದಾದ್ದರಿಂದ ಆ ವಾದದಲ್ಲಿ ನಾನೇ ಗೆದ್ದೆ. ಗೆದ್ದದ್ದಕ್ಕೆ ಸೇತುವೆ ಬರುವಷ್ಟರಲ್ಲಿ ನನ್ನ ಬೆರಳುಗಳು ನನ್ನವೇ ಅನಿಸುತ್ತಿರಲಿಲ್ಲ.

ಸೇತುವೆಯ ಬಳಿ ಬೈಕು ನಿಲ್ಲಿಸಿ ಹೊಳೆಯ ದಂಡೆ ಹಿಡಿದು ನಡೆದೆವು. ಎರಡೂ ಕಡೆ ತೆನೆ ಹಿರಿದ ಬಿಳಿಜೋಳ, ನಡುನಡುವೆ ಕಡಲೆ, ಬದುವಿಗೆ ಕುಸುಬೆಯ ಸಾಲು. ಇಬ್ಬನಿ ಬಿದ್ದ ಕರಿಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ ಹೆಜ್ಜೆಗೊಮ್ಮೆ ಕಾಲು ಭಾರವಾಗುತ್ತಿತ್ತು. ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಬಾಂದಾರದ ಹಿಂದೆ ನೀರು ಆಳವಾಗಿ ನಿಂತಿತ್ತು, ಅದರ ಮೇಲೆ ಹಬೆಯಾಡುತ್ತಿತ್ತು. ತಿಕೋಟಾದಲ್ಲಿ ಚಿಕ್ಕವನಿದ್ದಾಗ ಹಳ್ಳದ ದಂಡೆಯಲ್ಲಿ ಮೀನು ಹಿಡಿಯುತ್ತ ಸಾಲೆ ತಪ್ಪಿಸಿದ ದಿನಗಳು ನೆನಪಾಗಿ, ಅಷ್ಟು ಚಳಿಯಲ್ಲೂ ನನಗೆ ಹಿಗ್ಗಾಯಿತು. ಎಷ್ಟೋ ವರ್ಷವಾಗಿತ್ತು ಗಾಳ ಮುಟ್ಟದೆ.

ಜಾಲಿಗಿಡದ ಬುಡದಲ್ಲಿ, ನೀರಿನ ಅಂಚಿಗೇ, ಒಂದು ಚಪ್ಪಟೆ ಕಲ್ಲಿತ್ತು. ಕೂರಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ದಂಡೆಯಲ್ಲಿ ಇರಲಿಲ್ಲ. ಕಲ್ಲಿನ ಮೇಲೆ ನೀವು ಕೂಡ್ರಿ ಎಂದರು ಬೀಗರು. ಛೇ, ನೀವು ಕೂಡ್ರಿ ಎಂದೆ ನಾನು. ದೊಡ್ಡವರು ನೀವು, ನೀವೇನು ಸಣ್ಣವರೇ, ಹೀಗೆ ಸಾಕಷ್ಟು ನಡೆದು, ಕೊನೆಗೆ ಅವರು ಎಡಕ್ಕೆ ಕೆಸರಲ್ಲಿ ಕೂತರು, ನಾನು ಬಲಕ್ಕೆ ಮುಳ್ಳಲ್ಲಿ ಕೂತೆ. ನಡುವಿನ ಕಲ್ಲು ಖಾಲಿ ಇತ್ತು. ಅದರ ಮೇಲೆ ಕೋಳಿ ಕರುಳಿನ ಚೀಲ ಆರಾಮಾಗಿ ಕೂತಿತ್ತು.

ಗಾಳಕ್ಕೆ ದಾರ ಕಟ್ಟಿದ್ದು ನಾನು, ಗಂಟು ಹಾಕುವುದು ನನ್ನ ಕಸುಬಲ್ಲವೇ. ಬೆಂಡು ಮಾಡಿದ್ದು ಅವರು. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಹಗುರ ತಿರುಳನ್ನು ಬೆರಳುದ್ದ ಕತ್ತರಿಸಿ ದಾರಕ್ಕೆ ಪೋಣಿಸಿದರು. ಅದು ನೀರಿನ ಮೇಲೆ ತೇಲುತ್ತಿರುತ್ತದೆ, ಮೀನು ಕಚ್ಚಿದರೆ ಮುಳುಗುತ್ತದೆ. ನಾನು ಗಾಳ ಬಿಟ್ಟವನೇ ಕಣ್ಣು ಕೀಳದೆ ಬೆಂಡನ್ನೇ ನೋಡುತ್ತ ಕೂತೆ. ನೋಡಿದಷ್ಟೂ ಅದು ಅಲುಗಲಿಲ್ಲ.

"ಬೀಗರ, ಬೆಂಡ ನೋಡಬ್ಯಾಡ್ರಿ," ಎಂದರು ಅವರು ಮೆಲ್ಲಗೆ.

"ನೋಡಲಾರದ ಹೆಂಗ ತಿಳೀತೇತ್ರಿ?"

"ಕೈಗೆ ತಿಳೀತೇತಿ. ನಾವು ದಿಟ್ಟಿಸಿ ನೋಡಾಕತ್ರ ಗಳ ಬಿಗಿ ಹಿಡೀತೀವಿ, ದಾರ ನಡಗತೇತಿ, ಮೀನಿಗೆ ಗೊತ್ತಾಗ್ತೇತಿ ಮ್ಯಾಲ ಯಾರೋ ಕಾಯಾಕತ್ತಾರಂತ. ತಿನ್ನಬೇಕು ಅಂತ ಬಂದದ್ದು ಹೊಳ್ಳಿ ಹೋಕ್ಕೇತಿ. ಆ ಕಡೆ ಹೊಲಾ ನೋಡ್ರಿ, ಕಡ್ಲಿ ಬೆಳಿ ನೋಡ್ರಿ. ತಾನ ತಿಂತೇತಿ."

ಇಂಥ ಶಾಸ್ತ್ರ ನಾನು ಕೇಳಿರಲಿಲ್ಲ. ಬೀಗರು ಹೇಳಿದ್ದಾರಲ್ಲ, ತೆಗೆದುಹಾಕುವಂತಿಲ್ಲ. ಕುತ್ತಿಗೆ ತಿರುಗಿಸಿ ಕಡಲೆ ಹೊಲ ನೋಡುತ್ತ ಕೂತೆ. ಅಷ್ಟರಲ್ಲಿ ಅವರ ಗಾಳ ತಳದ ಬೇರಿಗೆ ಸಿಕ್ಕಿತು. ಎಳೆದರು, ದಾರ ಕಡಿಯಿತು. ತಂದದ್ದೇ ಎರಡು ಗಾಳ, ಉಳಿದದ್ದು ನನ್ನದೊಂದೇ. ಏನೂ ಆಗದವರ ಹಾಗೆ ಅವರು ಗಳವನ್ನು ಪಕ್ಕಕ್ಕಿಟ್ಟು ಕೈ ಉಜ್ಜಿಕೊಂಡರು.

ಬಿಸಿಲು ಜೋಳದ ತೆನೆಗಳ ಮೇಲಿಂದ ಇಳಿದು ನೀರಿಗೆ ತಾಗಿದ್ದಷ್ಟೆ. ನನ್ನ ಕೈಯಲ್ಲಿನ ಗಳ ಒಮ್ಮೆ ಜಗ್ಗಿತು. ತಿರುಗಿ ನೋಡಿದರೆ ಬೆಂಡಿಲ್ಲ. ಗಳದ ತುದಿ ಬಾಗಿ ನೀರು ಮುಟ್ಟುತ್ತಿತ್ತು. ಎದ್ದು ನಿಂತೆ. ಒಂದು ಕ್ಷಣ ಮೀನು ಮೇಲೆ ಹೊರಳಿತು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಅಂಗಡಿಯ ಇಸ್ತ್ರಿ ಮೇಜಿನಷ್ಟು ಉದ್ದ ಇತ್ತು. ಬಾಳೆ ಮೀನೇ, ಬೆಳ್ಳನೆಯ ಹೊಟ್ಟೆ, ಬೆರಳುದ್ದದ ಮೀಸೆ. ಮಗಳ ಮುಖ ಕಣ್ಣ ಮುಂದೆ ಬಂತು.

ಆಗ ನನಗೆ ಬೀಗರು ನೆನಪಾದರು. ಅವರ ಕೈಯಲ್ಲಿ ಗಾಳವಿಲ್ಲ. ಮೀನಿನ ಬಯಕೆ ಹುಟ್ಟಿದ್ದೇ ಅವರ ಮನೆಯ ಸಾರಿನಿಂದ. ನಾನೊಬ್ಬನೇ ಎಳೆದರೆ ಮನುಷ್ಯನಿಗೆ ಹೇಗನಿಸಬೇಡ. ಕೈ ತಾನಾಗಿಯೇ ಗಳವನ್ನು ಅವರ ಕಡೆ ಚಾಚಿತು.

"ಬರ್ರಿ, ನೀವ ಎಳೀರಿ, ಬೀಗರ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಏ, ಇಲ್ರಿ. ನಿಮ್ಮ ಗಾಳಕ್ಕ ಹತ್ತೇತಿ. ನೀವ ಎಳೀರಿ."

"ನಿಮ್ಮ ಸೊಸೀಗೆ ಬೇಕಾದ ಮೀನ ಐತಿ, ನಿಮ್ಮ ಕೈಲೆ ಬರ್ಲಿ."

"ನಿಮ್ಮ ಮಗಳಿಗೆ ಬೇಕಾದ್ದೂ ಹೌದಲ್ರಿ. ಹಡದವರ ಕೈಲೆ ಬಂದ್ರ ಚಲೋ."

"ನನ್ನ ಮಾತ ತಗದ ಒಗೀಬ್ಯಾಡ್ರಿ."

"ನೀವು ನನ್ನ ಮ್ಯಾಲ ಭಾರಾ ಹಾಕಬ್ಯಾಡ್ರಿ."

ಗಳ ನನ್ನ ಕೈಯಲ್ಲೂ ಅಲ್ಲ, ಅವರ ಕೈಯಲ್ಲೂ ಅಲ್ಲ, ಇಬ್ಬರ ನಡುವೆ ಗಾಳಿಯಲ್ಲಿತ್ತು. ದಾರ ಸಡಿಲಾಯಿತು. ನಮ್ಮ ಉಪಚಾರ ಮುಗಿಯುವ ತನಕ ಕಾಯಲು ಮೀನಿಗೇನು ಬೀಗತನವಿತ್ತೇ? ಅದು ಜಾಲಿ ಬೇರಿನ ಸುತ್ತ ಒಂದು ಸುತ್ತು ಹೊಡೆದು, ಜೋರಾಗಿ ಒಮ್ಮೆ ಕೊಡವಿ, ದಾರ ಕಡಿದು, ಗಾಳವನ್ನು ಬೇರಿಗೇ ಬಿಟ್ಟು ಹೋಯಿತು. ನೀರಿನ ಮೇಲೆ ಒಂದು ಸುಳಿ ಎದ್ದು ಅಡಗಿತು.

ಲಗ್ನದ ಮಾತುಕತೆಯ ದಿನದಿಂದ ನಾನು ನುಂಗಿಕೊಂಡು ಬಂದ ಸಿಟ್ಟೆಲ್ಲ ಒಮ್ಮೆಗೇ ಗಂಟಲಿಗೆ ಬಂತು.

"ಬೀಗರ, ನಿಮ್ಮ ಉಪಚಾರಕ್ಕಿಷ್ಟ ಬೆಂಕಿ ಹಚ್ಚಲಿ," ಎಂದುಬಿಟ್ಟೆ.

ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಮಗಳನ್ನು ಕೊಟ್ಟ ಮನೆ. ಅವರು ನನ್ನ ಮುಖವನ್ನೇ ನೋಡಿದರು. ನಾನು ನೆಲ ನೋಡಿದೆ.

"ಹಚ್ಚೂದಿದ್ರ ಇಲ್ಲೇ ಹಚ್ಚ್ರಿ," ಎಂದರು ಅವರು. "ಥಂಡಿ ಭಾಳ ಐತಿ. ನನಗ ಆವಾಗಿಂದ ಕೈಕಾಲು ಮರಗಟ್ಟ್ಯಾವ, ಹೇಳಾಕ ನಾಚಿಕಿ."

ನಾನು ನಕ್ಕೆ. ಅವರೂ ನಕ್ಕರು. ಸುಮ್ಮನೆ ಹಲ್ಲು ಬಿಡುವ ಬೀಗರ ನಗು ಅಲ್ಲ ಅದು, ಹೊಟ್ಟೆ ಹಿಡಿದುಕೊಂಡು ಕೆಮ್ಮು ಬರುವ ತನಕ ನಕ್ಕೆವು. ಬದುವಿನ ಒಣ ದಂಟು ಗುಡ್ಡೆ ಮಾಡಿ ನಿಜಕ್ಕೂ ಬೆಂಕಿ ಹಚ್ಚಿ, ಅಂಗೈ ಕಾಯಿಸುತ್ತ ಕೂತೆವು. ಯಾರಿಗೂ ಹೇಳದೆ ಕೇಳದೆ ಅವರು ಚಪ್ಪಟೆ ಕಲ್ಲಿನ ಮೇಲೆ ಕೂತರು. ಸ್ವಲ್ಪ ಸರಿಯಿರಿ ಎಂದು ನಾನೂ ಪಕ್ಕದಲ್ಲಿ ತೂರಿಕೊಂಡೆ.

"ಖರೇ ಹೇಳ್ತೀನ್ರಿ," ಎಂದರು, ಬೆಂಕಿಗೆ ಒಂದು ದಂಟು ಎಸೆದು. "ಹುಡುಗಿ ಉಪಾಸ ಅದಾಳ ಅಂತ ಮಗ ಹೇಳಿದಾಗಿಂದ ನನಗೂ ತುತ್ತ ಇಳಿವಲ್ದು. ನಮ್ಮ ಮನಿಗೆ ಬಂದ ಹುಡುಗಿ ಸೊರಗಿದ್ರ ನಿಮಗ ಹೆಂಗ ಮುಖಾ ತೋರಸಲಿ ಅಂತ. ಅದಕ್ಕ ಜಾಸ್ತಿ ಉಪಚಾರ ಮಾಡ್ತೀನಿ."

ಈ ಮನುಷ್ಯ ನನ್ನ ಹಾಗೇ ಹೆದರಿದ್ದಾನೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವರ ನಗುವನ್ನು ನೋಡಿ ಇವರಿಗೇನು ಚಿಂತೆ ಎಂದುಕೊಂಡು ಒಳಗೊಳಗೇ ಉರಿದಿದ್ದೆ. ಅವರ ಮೇಲೆ ತುಂಬ ಪ್ರೀತಿ ಬಂತು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ, ನಡೀರಿ, ಇನ್ನೊಂದು ಗಾಳ ಕಟ್ಟೋಣ ಎಂದೆ. ಗಾಳವೆಲ್ಲಿದೆ ಎಂದರು. ನನ್ನ ಕೋಟಿನ ಕಾಲರಿನ ಹಿಂದೆ ಯಾವಾಗಲೂ ಒಂದೆರಡು ಸೂಜಿ ಚುಚ್ಚಿರುತ್ತವೆ, ದರ್ಜಿಯ ಚಾಳಿ. ದಪ್ಪ ಗೋಣಿಸೂಜಿಯೊಂದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದೆ. ಅವರು ಮೋಟರಿನ ತಂತಿ ಬಗ್ಗಿಸುವ ಪುಟ್ಟ ಇಕ್ಕಳವನ್ನು ಕಿಸೆಯಿಂದ ತೆಗೆದು ಅದನ್ನು ಕೊಕ್ಕೆ ಮಾಡಿದರು. ಇಕ್ಕಳ ಕಿಸೆಯಲ್ಲಿಟ್ಟುಕೊಂಡೇ ಊರಿಂದ ಬಂದಿದ್ದರು, ಅವರ ಚಾಳಿ.

ಗಾಳ ನೀರಿಗೆ ಬಿಡುವ ಮೊದಲು ಒಂದು ಕರಾರು ಮಾಡಿಕೊಂಡೆವು. "ಈ ದಂಡಿ ಮ್ಯಾಲ ಬೀಗತನ ಇಲ್ಲ," ಎಂದರು ಅವರು. "ಮನಿಗೆ ಹೋದಮ್ಯಾಲ ಮತ್ತ ನೀವು ಬೀಗರ, ನಾ ಬೀಗ."

ಸೂಜಿಯ ಕೊಕ್ಕೆಗೆ ಹಿಮ್ಮುಖ ಮುಳ್ಳಿರುವುದಿಲ್ಲ, ಮೀನು ಜಾರುತ್ತದೆ. ಆದ್ದರಿಂದ ಒಬ್ಬರು ಗಳ ಹಿಡಿಯಬೇಕು, ಇನ್ನೊಬ್ಬರು ನೀರಿಗಿಳಿದು ಕೈಯಲ್ಲೇ ಮೀನನ್ನು ಹಿಡಿಯಬೇಕು. ಯಾರು ಇಳಿಯುವುದು ಎಂಬ ಮಾತು ಬರಲೇ ಇಲ್ಲ. ಇಬ್ಬರೂ ಕಡಲೆ ಹೊಲ ನೋಡುತ್ತ, ಅದರ ಮೇಲೆ ಇಷ್ಟು ಇಬ್ಬನಿ ಬಿದ್ದರೆ ಕಾಯಿ ಹೇಗೆ ಹಿಡಿಯುತ್ತದೆ ಎಂದು ಮಾತಾಡುತ್ತಿದ್ದಾಗ ಗಳ ಜಗ್ಗಿತು.

"ಲೇ, ಸಡ್ಲ ಬಿಡಬ್ಯಾಡೋ," ಎಂದು ಒದರುತ್ತ ಬೀಗರು ಧೋತರ ಸಮೇತ ಸೊಂಟದ ತನಕ ನೀರಿಗೆ ಇಳಿದುಬಿಟ್ಟರು.

"ಬಲಕ್ಕ ಐತಿ, ಬಲಕ್ಕ. ಕಣ್ಣ ಕಾಣ್ತಾವಿಲ್ಲೋ ನಿನಗ?" ಎಂದೆ ನಾನು.

"ನೀ ಎಳಿಯೋದ ಎಳಿ, ಬಾಯಿ ಮುಚ್ಚು."

ಒಬ್ಬರಿಗೊಬ್ಬರು ಬಾಯಿಗೆ ಬಂದದ್ದು ಬೈಯುತ್ತ, ಅವರು ಒಮ್ಮೆ ಮುಗ್ಗರಿಸಿ ಕುತ್ತಿಗೆವರೆಗೆ ಮುಳುಗಿ, ಅಂತೂ ಮೀನನ್ನು ಎದೆಗೆ ಅವುಚಿಕೊಂಡು ದಂಡೆಗೆ ಬಂದರು. ಮೊದಲು ತಪ್ಪಿಸಿಕೊಂಡು ಹೋದದ್ದರ ಮರಿಮಗನಿರಬೇಕು, ಮೊಳಕ್ಕಿಂತ ಸ್ವಲ್ಪ ಕಡಿಮೆ. ಆದರೂ ಬಾಳೆ ಮೀನು. ಒಂದು ಮನೆಗೆ ಸಾರಿಗೆ ಸಾಕು. ಬೀಗರ ತುಟಿ ನೀಲಿಗಟ್ಟಿತ್ತು, ಮೈ ಗಡಗಡ ನಡುಗುತ್ತಿತ್ತು, ಮುಖ ಮಾತ್ರ ಸಾಲೆ ತಪ್ಪಿಸಿದ ಹುಡುಗನದು.

ನನ್ನ ಕೋಟು ಬಿಚ್ಚಿ ಅವರಿಗೆ ಹೊದಿಸಿ, ಸೇತುವೆಯ ಹತ್ತಿರದ ಚಹಾ ಅಂಗಡಿಯಲ್ಲಿ ಬಿಸಿ ಚಹಾ ಕುಡಿಸಿ, ಮಿರ್ಚಿ ಭಜಿ ತಿನ್ನಿಸಿ ಮನೆಗೆ ಕರೆದುಕೊಂಡು ಬಂದೆ. ಹೆಂಡತಿ ಬಾಗಿಲಲ್ಲೇ ಹಣೆ ಬಡಿದುಕೊಂಡಳು.

"ಬೀಗರನ್ನ ಹೊಳ್ಯಾಗ ಇಳಿಸಿ ಕರಕೊಂಡ ಬಂದೀರೇನ್ರಿ? ನಾಳೆ ಬಬಲೇಶ್ವರದಾಗ ನಾನ್ಹೆಂಗ ಮುಖಾ ತೋರಸ್ಲಿ?"

"ಇವ್ರು ಇಳಿಸಿಲ್ಲ ತಂಗಿ, ನಾನ ಬಿದ್ದೀನಿ," ಎಂದು ಬೀಗರು ನನ್ನನ್ನು ಕಾಪಾಡಿದರು.

ಅವರು ಬದಲಿ ಬಟ್ಟೆ ತಂದಿರಲಿಲ್ಲ. ಸೊಂಟಕ್ಕೆ ನನ್ನ ಲುಂಗಿ ಆಯಿತು. ನನ್ನ ಅಂಗಿಗೆ ಅವರ ಹೊಟ್ಟೆಯ ಮೇಲೆ ಗುಂಡಿ ಹಾಕಲು ಬರಲಿಲ್ಲ, ನನ್ನ ಕೋಟೂ ದಾರಿಯಲ್ಲಿ ಒದ್ದೆಯಾಗಿತ್ತು. ಅಂಗಡಿಯಲ್ಲಿ ನೋಡಿದರೆ ಅವರ ಅಳತೆಗೆ ಹೊಂದುವುದು ಒಂದೇ ಒಂದು, ಯಾರೋ ಮದುಮಗನಿಗೆ ಹೊಲಿದು ನೇತುಹಾಕಿದ್ದ ಕೆನೆಬಣ್ಣದ ಕೋಟು. ಎದೆಯ ಮೇಲೆ ಜರಿ, ಕಾಲರಿಗೆ ಕೆಂಪು ಪಟ್ಟಿ. ಬೇಡ ಬೇಡ ಎಂದರೂ ಬಿಡದೆ ಅದನ್ನೇ ತೊಡಿಸಿದೆ. ಗಿರಾಕಿಗೆ ಹೇಳಬೇಡಿ.

ಮಗಳು ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಮಾವನ ಮುಂದೆ ಅವಳು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಚೌಕಳಿ ಲುಂಗಿ, ಅದರ ಮೇಲೆ ಮದುಮಗನ ಕೋಟು, ಕೈಯಲ್ಲಿ ಮೀನು ಹಿಡಿದು ಮಾವ ಒಳಗೆ ಬರುವುದನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು.

"ಮಾವಾರ, ಲಗ್ನ ಯಾರದ್ರಿ?" ಎಂದು ಕೇಳಿಯೇಬಿಟ್ಟಳು.

"ಈ ಮೀನಿಂದವ್ವಾ," ಎಂದರು ಬೀಗರು. "ನಿಮ್ಮಪ್ಪ ಹೆಣ್ಣಿನ ಕಡ್ಯಾಂವ."

ಹೆಂಡತಿ ಮೀನಿಗೆ ಉಪ್ಪು ಅರಿಶಿನ ಸವರಿ ತೊಳೆದಳು. ಉಳ್ಳಾಗಡ್ಡಿ, ಒಣಕೊಬ್ಬರಿ ಕೆಂಡದ ಮೇಲೆ ಸುಟ್ಟು ಅರೆದು, ಮಸಾಲೆ ಖಾರ ಹಾಕಿ, ಹುಣಸೆಹುಳಿ ಹಿಂಡಿ ಸಾರು ಕುದಿಸಿದಳು. ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಅಷ್ಟು ಹೊತ್ತೂ ಪಡಸಾಲೆಯಲ್ಲಿ ನಾವಿಬ್ಬರೂ ತಪ್ಪಿಸಿಕೊಂಡ ಮೀನಿನ ಉದ್ದದ ಬಗ್ಗೆ ಜಗಳವಾಡುತ್ತಿದ್ದೆವು. ಇಸ್ತ್ರಿ ಮೇಜಿನಷ್ಟು ಎಂದೆ ನಾನು. ನಿಮ್ಮ ಮೇಜು ಸಣ್ಣದು, ಅದಕ್ಕಿಂತ ದೊಡ್ಡದಿತ್ತು ಎಂದರು ಅವರು. ಈ ಒಂದು ವಿಷಯದಲ್ಲಿ ಮಾತ್ರ ನಾನು ಸೋಲಲು ತಯಾರಿದ್ದೆ.

ನಮ್ಮಿಬ್ಬರಿಗೂ ತಾಟು ಬಂತು. ಅಡುಗೆಮನೆಯ ಹೊಸ್ತಿಲ ಆಚೆ ಮಗಳಿಗೂ ತಾಟು ಹಾಕಿದಳು ತಾಯಿ. ಬಾಗಿಲಿಂದ ಅವಳು ಅರ್ಧ ಕಾಣುತ್ತಿದ್ದಳು. ರೊಟ್ಟಿ ಮುರಿದಳು. ಸಾರಿನಲ್ಲಿ ಅದ್ದಿದಳು. ನನ್ನ ತುತ್ತು ಕೈಯಲ್ಲೇ ನಿಂತಿತು. ತಾಯಿ ಆಗಲೇ ಸೌಟು ಎತ್ತಿದ್ದಳು. ಮಗಳು ತುತ್ತನ್ನು ಬಾಯಿಯ ಹತ್ತಿರ ಒಯ್ದು, ತಡೆದು, ಎಂದಿನಂತೆ ನಮ್ಮ ಮುಖದ ಕಡೆ ಕಣ್ಣೆತ್ತಿದಳು.

ಮದುಮಗನ ಕೋಟಿನ ತೋಳಿನಿಂದ ಒಂದು ಮೊಣಕೈ ನನ್ನ ಪಕ್ಕೆಗೆ ಬಲವಾಗಿ ತಿವಿಯಿತು. ಮನೆಗೆ ಬಂದ ಮೇಲೆ ಮತ್ತೆ ಬೀಗರು ಎಂಬ ಕರಾರನ್ನು ಮುರಿದವರು ಅವರೇ.

"ಲೇ," ಎಂದರು ಕಿವಿಯ ಹತ್ತಿರ ಬಗ್ಗಿ, "ಬೆಂಡ ನೋಡಬ್ಯಾಡೋ."

ನಾನು ಗೋಡೆಯ ಕಡೆ ತಿರುಗಿದೆ. ಅವರೂ ತಿರುಗಿದರು. ಅಲ್ಲಿ ಕ್ಯಾಲೆಂಡರ್ ಇತ್ತು. ಇಬ್ಬರೂ ಕ್ಯಾಲೆಂಡರ್ ನೋಡುತ್ತ, ಸಂಕ್ರಾಂತಿ ಯಾವ ವಾರ ಬಂದಿದೆ, ಈ ಸಲ ಯುಗಾದಿ ಬೇಗ ಬಂತಲ್ಲ, ಹೆರಿಗೆ ಬಿಸಿಲಿಗೆ ಬೀಳುತ್ತದೆ, ಫ್ಯಾನಿಗೆ ಹೊಸ ತಂತಿ ಸುತ್ತಿಕೊಡುತ್ತೇನೆ ಎಂದು ಏನೇನೋ ಮಾತಾಡಿದೆವು. "ನೀನೂ ಈ ಕಡೆ ಬಾ, ನಮಗ ನೀಡು," ಎಂದು ಹೆಂಡತಿಯನ್ನು ಕರೆದೆ. ಅವಳು ಸೌಟು ಹಿಡಿದುಕೊಂಡೇ ಬಂದು, ಖಾಲಿಯಾಗದ ತಾಟುಗಳಿಗೆ ಏನು ನೀಡಬೇಕೆಂದು ತಿಳಿಯದೆ ನಿಂತಳು. ಬೀಗರು ಕಣ್ಣಲ್ಲೇ ಕ್ಯಾಲೆಂಡರ್ ತೋರಿಸಿದರು. ಮೂವರೂ ಅದನ್ನೇ ನೋಡಿದೆವು.

ಬೆನ್ನ ಹಿಂದೆ ತಾಟಿಗೆ ಬೆರಳು ತಾಗುವ ಸದ್ದು ಬರುತ್ತಿತ್ತು. ಒಮ್ಮೆ ನಿಂತಿತು. ಮತ್ತೆ ಬಂತು. ಆಮೇಲೆ ನೀರು ಕುಡಿದ ಸದ್ದು. ಕೈ ತೊಳೆದಳೇನೋ ಎಂದು ಹೆದರಿ, ಕುತ್ತಿಗೆ ತಿರುಗದಂತೆ ಬೀಗರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರ ಕೈ ಇನ್ನೂ ಹೊಳೆಯ ನೀರಿನಷ್ಟೇ ತಣ್ಣಗಿತ್ತು.

"ಯವ್ವಾ," ಎಂದಳು ಮಗಳು ಒಳಗಿನಿಂದ, "ಇನ್ನೊಂದ ಅರ್ಧ ರೊಟ್ಟಿ ಕೊಡು."

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನಾವಿಬ್ಬರೂ ತಿರುಗಲಿಲ್ಲ.